ದ್ವಾರಪಾಲಕನ ಪ್ರಶ್ನೆಯೂ ಅರ್ಥಿಯ ಉತ್ತರವೂ: ಜ್ಯಾನ್ ಮಾರಿಸರ ‘ಕನಂಡ್ರಮ್’ ಎಂಬ ಆತ್ಮಚರಿತ್ರೆಯ ವಿಮರ್ಶೆ

೧

ಆತ್ಮಚರಿತ್ರೆಗಳನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುವ ವಾಡಿಕೆಯುಂಟು. ಹೇಳಿರುವ ಸಂಗತಿಗಳು ನಿಜವೇ ಎಂಬುದೊಂದು. ಹೇಳಿರುವ ರೀತಿಯು ಸೊಗಸೇ ಎಂಬುದು ಮತ್ತೊಂದು. ಇವೆರಡಕ್ಕೂ ಮೊದಲೇ ಕೇಳಬೇಕಾದ ಪ್ರಶ್ನೆಯೊಂದಿದೆ. ಈ ಕಥೆಯನ್ನು ಗ್ರಂಥಕರ್ತರು ಮೊತ್ತಮೊದಲು ಯಾರ ಎದುರಿಗೆ ಹೇಳಬೇಕಾಯಿತು ಎಂಬುದೇ ಅದು. ನ್ಯಾಯಾಸ್ಥಾನದಲ್ಲಿ ಹೇಳಿದ ಮಾತು, ದೇವರ ಮುಂದೆ ಹೇಳಿಕೊಂಡ ಮಾತು, ಮನೆಯ ಜಗಲಿಯಲ್ಲಿ ಆಡಿದ ಮಾತು, ಇವುಗಳಲ್ಲಿ ಸಂಗತಿಯು ಒಂದೇ ಆಗಿದ್ದರೂ ಆಕಾರವು ಬೇರೆಬೇರೆಯಾಗಿರುವುದು. ಶ್ರೋತೃವಿನ ಇಷ್ಟಾನಿಷ್ಟಗಳೂ ಅವನ ಕೈಯಲ್ಲಿರುವ ಅಧಿಕಾರವೂ ವಕ್ತೃವಿನ ಮಾತಿನೊಳಕ್ಕೆ ಇಳಿಯುವುವು. ಅರ್ಥವ್ಯಂಜನೆಗೆ ವಕ್ತೃವಿನ ವೈಶಿಷ್ಟ್ಯದಂತೆ ಬೋದ್ಧವ್ಯನ ವೈಶಿಷ್ಟ್ಯವೂ ಕಾರಣವೆಂದು ನಮ್ಮ ಆಲಂಕಾರಿಕರು ಗಣಿಸಿರುವುದು ವಾಚಕಮಹಾಶಯರಿಗೆ ತಿಳಿದೇ ಇದೆ.

ಗಂಡಾಗಿ ಹುಟ್ಟಿ ಹೆಣ್ಣಾಗಿಯೂ, ಹೆಣ್ಣಾಗಿ ಹುಟ್ಟಿ ಗಂಡಾಗಿಯೂ ಬಾಳಲು ಚಿಕಿತ್ಸೆಯನ್ನು ಪಡೆದವರು ಬರೆದ ಆತ್ಮಚರಿತ್ರೆಗಳು ಕಳೆದ ಶತಮಾನದಲ್ಲಿ ಪಾಶ್ಚಾತ್ಯ ಭಾಷೆಗಳಲ್ಲಿ ಒಂದು ಪ್ರತ್ಯೇಕ ಪ್ರಭೇದವಾಗಿಯೇ ಬೆಳೆದಿರುವುವು. ಇವುಗಳ ಮೊದಲನೆಯ ಶ್ರೋತೃವು ವೈದ್ಯನು. ಅವನು ಕೇವಲ ಕೇಳುವವನಲ್ಲ, ಬಾಗಿಲನ್ನು ಕಾಯುವವನು. ಅವನಿಗೆ ಒಪ್ಪಿಗೆಯಾದರೆ ಔಷಧವುಂಟು, ಶಸ್ತ್ರವುಂಟು. ಒಪ್ಪಿಗೆಯಾಗದಿದ್ದರೆ ಎರಡೂ ಇಲ್ಲ. ಇಂಥ ಶ್ರೋತೃವಿನ ಮುಂದೆ ಹೇಳಿದ ಕಥೆಯು ಸತ್ಯವಾಗಿರಬಲ್ಲುದೇ? ಸತ್ಯವಾಗದಿದ್ದರೆ ಆ ದೋಷವು ಯಾರದು? ಈ ಎರಡು ಪ್ರಶ್ನೆಗಳನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಅಲ್ಲಿಯೇ ಪಾಠ ಹೇಳುತ್ತಿರುವವನಿಗೆ ಈ ವಿಷಯದಲ್ಲಿ ಏನು ಕೆಲಸವೆಂದು ಕೆಲವರು ಕೇಳಬಹುದು. ಕಾರಣವನ್ನು ಮುಚ್ಚಿಡುವುದಿಲ್ಲ. ನನ್ನಲ್ಲಿ ವ್ಯಾಕರಣವನ್ನು ಓದಿಹೋಗಿದ್ದ ಶಿಷ್ಯರೊಬ್ಬರು ಕೆಲವು ವರ್ಷಗಳಾದ ಮೇಲೆ ಮನೆಗೆ ಬಂದು, ತಾವು ಇನ್ನು ಗಂಡಿನ ರೂಪದಲ್ಲಿ ಬಾಳಲಾರೆವೆಂದೂ, ಚಿಕಿತ್ಸೆಗೆ ತೊಡಗಿರುವೆವೆಂದೂ ತಿಳಿಸಿ, ತಮ್ಮ ತಂದೆಯವರಿಗೆ ನಾನೊಂದು ಮಾತು ಹೇಳಬೇಕೆಂದು ಬೇಡಿದರು. ನಾನು ಗಂಟೆಹೊತ್ತು ಪ್ರಶ್ನೆಗಳನ್ನು ಹಾಕಿದೆನು. ಎಂದಿನಿಂದ ಹೀಗೆ ತೋರಿತು, ಚಿಕ್ಕಂದಿನಲ್ಲಿ ಎಂಥ ಆಟಗಳನ್ನು ಆಡುತ್ತಿದ್ದಿರಿ, ಸಂದೇಹವು ಎಂದಾದರೂ ಬಂದುದುಂಟೇ, ಹೀಗೆ. ಎಲ್ಲವನ್ನೂ ಕೇಳಿಸಿಕೊಂಡು ಅವರು, “ಗುರುಗಳೇ, ಡಾಕ್ಟರು ಕೇಳಿದ್ದನ್ನೇ ತಾವೂ ಕೇಳುತ್ತಿದ್ದೀರಿ. ಅಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳಲೇ, ಇಲ್ಲವೇ ಇದ್ದದ್ದನ್ನು ಇದ್ದ ಹಾಗೆ ಹೇಳಲೇ?” ಎಂದರು. ನನಗೆ ಉತ್ತರ ತೋಚಲಿಲ್ಲ. ಅನಂತರ ನಾನು ಓದಿದ ಗ್ರಂಥಗಳಲ್ಲಿ ಮಾರಿಸರದು ಮುಖ್ಯವಾದುದು.

೨

ಜ್ಯಾನ್ ಮಾರಿಸರು ೧೯೨೬ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. ಆಗ ಇಟ್ಟ ಹೆಸರು ಜೇಮ್ಸ್. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚಿನ ಗಾಯಕ ಬಾಲಕರಲ್ಲಿ ಒಬ್ಬರಾಗಿದ್ದು, ಮುಂದೆ ಅಶ್ವದಳದ ರೆಜಿಮೆಂಟೊಂದರಲ್ಲಿ ಅಧಿಕಾರಿಯಾಗಿ, ‘ಟೈಮ್ಸ್’ ಪತ್ರಿಕೆಯ ಬಾತ್ಮೀದಾರರಾಗಿ ೧೯೫೩ರಲ್ಲಿ ಎವರೆಸ್ಟ್ ಯಾತ್ರೆಯ ತಂಡದೊಡನೆ ಹೋಗಿ, ಶಿಖರಾರೋಹಣದ ವಾರ್ತೆಯನ್ನು ಲೋಕಕ್ಕೆ ಮುಟ್ಟಿಸಿದವರು ಇವರೇ. ೧೯೪೯ರಲ್ಲಿ ಎಲಿಜಬೆತ್ ಎಂಬಾಕೆಯನ್ನು ವಿವಾಹವಾದರು. ಐವರು ಮಕ್ಕಳು ಹುಟ್ಟಿ ಒಂದು ಶಿಶುವು ತೀರಿಕೊಂಡಿತು. ೧೯೬೪ರಲ್ಲಿ ಹಾರ್ಮೋನಿನ ಸೇವನೆಗೆ ತೊಡಗಿ, ೧೯೭೨ರಲ್ಲಿ ಮೊರಾಕೋ ದೇಶದ ಕಾಸಾಬ್ಲಾಂಕಾ ಪಟ್ಟಣದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಈ ವೃತ್ತಾಂತವನ್ನು ಹೇಳುವ ‘ಕನಂಡ್ರಮ್’ ಎಂಬ ಗ್ರಂಥವು ೧೯೭೪ರಲ್ಲಿ ಪ್ರಕಟವಾಯಿತು. ಹೆಸರಿಗೆ ಒಗಟು ಎಂದರ್ಥ.

ಗ್ರಂಥದ ಆರಂಭವು ಪ್ರಸಿದ್ಧವಾದುದು. ಮೂರುನಾಲ್ಕು ವರ್ಷದ ಮಗುವು ತಾಯಿಯು ಬಾರಿಸುತ್ತಿರುವ ಪಿಯಾನೋ ವಾದ್ಯದ ಅಡಿಯಲ್ಲಿ ಕುಳಿತು, ತಾನು ತಪ್ಪಾದ ದೇಹದಲ್ಲಿ ಹುಟ್ಟಿರುವೆನೆಂದೂ ನಿಜವಾಗಿ ಹೆಣ್ಣಾಗಬೇಕಿತ್ತೆಂದೂ ಅರಿತುಕೊಳ್ಳುವುದು. ಈ ಚಿತ್ರವು ಮನೋಹರವಾಗಿದೆ. ಆದರೆ ಸಹೃದಯನಾದ ವಾಚಕನಿಗೆ ಇಲ್ಲಿಯೇ ಸ್ವಲ್ಪ ಶಂಕೆ ತಲೆದೋರುವುದು. ಮೂರು ವರ್ಷದ ಶಿಶುವಿನ ಅರಿವು ಇಷ್ಟು ಸಂಪೂರ್ಣವಾಗಿ, ನಲವತ್ತೇಳು ವರ್ಷದ ಪ್ರೌಢ ಗದ್ಯಕಾರನ ವಾಕ್ಯದ ಹಾಗೆ ಇರಬಲ್ಲುದೇ? ಮಾರಿಸರು ಸುಳ್ಳು ಹೇಳುವರೆಂದು ನನ್ನ ಅಭಿಪ್ರಾಯವಲ್ಲ. ಹಿಂದಣ ಅಸ್ಪಷ್ಟವಾದ ವೇದನೆಯೊಂದನ್ನು ಮುಂದಣ ನಿಶ್ಚಯವು ತನ್ನ ಬೆಳಕಿನಲ್ಲಿ ತಿದ್ದಿ ನಿಲ್ಲಿಸಿದೆಯೆಂದು ತೋರುತ್ತದೆ. ಸ್ಮೃತಿಯ ಸ್ವಭಾವವೇ ಅಂಥದು. ಆದರೆ ತಿದ್ದಿದ ದಿಕ್ಕು ಇದೇ ಏಕೆ ಎಂಬುದನ್ನು ಮುಂದೆ ನೋಡೋಣ.

ಗ್ರಂಥದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ಕಾಸಾಬ್ಲಾಂಕಾದ ಪ್ರಕರಣ. ಮಾರಿಸರು ಮೊದಲು ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯನ್ನು ಆಶ್ರಯಿಸಿದ್ದರು. ಅಲ್ಲಿ ಅವರ ದೇಹಸ್ಥಿತಿಗಾಗಲಿ ಮನಃಸ್ಥಿತಿಗಾಗಲಿ ಆಕ್ಷೇಪಣೆ ಬರಲಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಹೆಂಡತಿಯೊಡನೆ ವಿವಾಹವಿಚ್ಛೇದವಾಗಬೇಕೆಂಬ ನಿಬಂಧನೆಯು ಅಡ್ಡಬಂದಿತು. ವಿಚ್ಛೇದವು ಹೇಗೂ ಆಗಬೇಕಾದುದೆಂದು ದಂಪತಿಗಳಿಬ್ಬರೂ ಬಲ್ಲರು. ಆದರೆ ಅದು ತಮ್ಮ ಕಾಲಕ್ಕೆ, ತಮ್ಮ ಮನಸ್ಸಿಗೆ ಒಪ್ಪುವಂತೆ ಆಗಬೇಕೇ ಹೊರತು ವೈದ್ಯರ ಅಪ್ಪಣೆಯಿಂದಲ್ಲವೆಂದು ಮಾರಿಸರು ಆ ಬಾಗಿಲಿನಿಂದ ಹಿಂದಿರುಗಿದರು. ಈ ನಿಬಂಧನೆಯ ಸ್ವರೂಪವನ್ನು ಗಮನಿಸಬೇಕು. ಅದು ಆಯುರ್ವೃದ್ಧಿಗೆ ಸಂಬಂಧಪಟ್ಟುದಲ್ಲ, ರೋಗನಿದಾನಕ್ಕೆ ಸಂಬಂಧಪಟ್ಟುದೂ ಅಲ್ಲ. ಹೆಂಗಸರಿಬ್ಬರು ದಂಪತಿಗಳಾಗಿ ಉಳಿಯುವುದನ್ನು ಅಂದಿನ ಇಂಗ್ಲೆಂಡಿನ ಕಾಯಿದೆಯು ಸಹಿಸದಿದ್ದುದರಿಂದ ವೈದ್ಯನು ಕಾಯಿದೆಯ ಕಾವಲುಗಾರನಾದನು.

ಮುಂದೆ ಅವರು ಒಬ್ಬರೇ ಕಾಸಾಬ್ಲಾಂಕಾಕ್ಕೆ ಹೋಗಿ, ಗ್ರಂಥದಲ್ಲಿ ಪೂರ್ಣನಾಮವನ್ನು ಬರೆಯದೆ ಆದ್ಯಕ್ಷರದಿಂದ ಸೂಚಿಸಿರುವ ವೈದ್ಯರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆ ಪುಟಗಳಲ್ಲಿ ಪಿಯಾನೋದ ಸೊಗಸಿಲ್ಲ, ಸಮರ್ಥನೆಯೂ ಇಲ್ಲ. ಪರಕೀಯವಾದ ಊರು, ಚಿಕಿತ್ಸಾಲಯದ ಕೋಣೆ, ಶಸ್ತ್ರಕ್ಕೆ ಮೊದಲು ಕನ್ನಡಿಯ ಮುಂದೆ ನಿಂತು ತಮ್ಮ ಹಳೆಯ ರೂಪಕ್ಕೆ ತಾವೇ ಹೇಳಿದ ಬೀಳ್ಕೊಡುಗೆ, ಇಷ್ಟೇ ಇರುವುದು. ಭಯವನ್ನೂ ಅಲ್ಲಿ ಮರೆಮಾಡಿಲ್ಲ. ಗ್ರಂಥದ ಮಿಕ್ಕ ಭಾಗಗಳಿಗಿಂತ ಈ ಭಾಗವು ಹೆಚ್ಚು ನಂಬಿಕೆಗೆ ಅರ್ಹವಾಗಿ ತೋರುವುದಕ್ಕೆ ಕಾರಣವು ಸ್ಪಷ್ಟ: ಇಲ್ಲಿ ಯಾರನ್ನೂ ಒಪ್ಪಿಸಬೇಕಾಗಿರಲಿಲ್ಲ. ಕೆಲಸವು ತನ್ನದು, ಅದರ ಫಲವೂ ತನ್ನದು ಎಂಬ ಅರಿವೊಂದೇ ಅಲ್ಲಿದ್ದುದು.

ಗ್ರಂಥವು ಹೊರಬಂದಾಗ ಕಟುವಾದ ವಿಮರ್ಶೆಗಳೂ ಬಂದವು. ೧೯೭೪ರಲ್ಲಿಯೇ ರೆಬೆಕ್ಕಾ ವೆಸ್ಟ್ ಎಂಬ ಪ್ರಸಿದ್ಧ ಲೇಖಕಿಯು ಇದನ್ನು ನಿಷ್ಠುರವಾಗಿ ಪರಿಶೀಲಿಸಿದಳು. ಮಾರಿಸರು ವರ್ಣಿಸುವ ಸ್ತ್ರೀತ್ವವು ಗಂಡಸರು ಬಾಗಿಲು ತೆರೆದು ಕೊಟ್ಟಾಗಲೂ ಸಾಮಾನು ಹೊತ್ತು ಕೊಟ್ಟಾಗಲೂ ಹಿಗ್ಗುವ ಸ್ತ್ರೀತ್ವವೆಂಬ ಆಕ್ಷೇಪಣೆಯು ಅಂದಿನಿಂದ ಇಂದಿನವರೆಗೂ ಕೇಳಿಬಂದಿದೆ. ಈ ಆಕ್ಷೇಪಣೆಯು ಸಾಧುವಾದುದೆಂದೇ ನನ್ನ ಮತ. ಹೆಂಗಸಿನ ಬಾಳಿನ ಕಷ್ಟವೂ ದುಡಿಮೆಯೂ ಈ ಗ್ರಂಥದಲ್ಲಿ ಕಡಮೆ. ಎಲಿಜಬೆತ್ತರ ಮಾತಂತೂ ಅವರದೇ ಬಾಯಿಂದ ಒಮ್ಮೆಯಾದರೂ ಕೇಳಿಬರಬಾರದಾಗಿತ್ತೇ ಎಂದು ಅನಿಸುವುದು. ಆದರೆ ಆಕ್ಷೇಪಣೆಯನ್ನು ಎತ್ತಿದವರು ಅದರ ಮೂಲವನ್ನು ಪೂರ್ತಿಯಾಗಿ ಶೋಧಿಸಲಿಲ್ಲ. ಅನೇಕ ವರ್ಷಗಳ ಕಾಲ ತಾನು ಹೆಣ್ಣೆಂದು ಪರೀಕ್ಷಕರ ಮುಂದೆ ಪ್ರಮಾಣೀಕರಿಸಬೇಕಾದವರು, ಪರೀಕ್ಷಕರು ಒಡನೆ ಗುರುತಿಸಬಲ್ಲ ಗುರುತುಗಳನ್ನೇ ಹಿಡಿದು ತೋರಿಸುವ ಅಭ್ಯಾಸಕ್ಕೆ ಬೀಳುವರು. ಹಾಗೆಂದು ದೋಷವನ್ನೆಲ್ಲ ಪರೀಕ್ಷಕರ ತಲೆಗೆ ಕಟ್ಟುವುದೂ ಸರಿಯಲ್ಲ. ಮಾರಿಸರು ಬರೆಯಲು ಕುಳಿತಾಗ ಬಾಗಿಲನ್ನು ದಾಟಿಯಾಗಿತ್ತು. ಆಗ ಬರೆದುದಕ್ಕೆ ಅವರೇ ಹೊಣೆ.

೩

ಬಾಗಿಲಿನ ಎದುರಿಗೆ ಕಥೆಯು ಹೇಗೆ ರೂಪುಗೊಳ್ಳುವುದೆಂಬುದಕ್ಕೆ ಮಾರಿಸರ ಗ್ರಂಥಕ್ಕಿಂತ ಸ್ಪಷ್ಟವಾದ ಉದಾಹರಣೆಯು ಅಮೆರಿಕದಲ್ಲಿದೆ. ೧೯೫೮ರಲ್ಲಿ ಹತ್ತೊಂಬತ್ತು ವರ್ಷದ ಯುವತಿಯೊಬ್ಬಳು ಲಾಸ್ ಏಂಜಲಿಸ್ಸಿನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವೈದ್ಯರ ಬಳಿಗೆ ಬಂದಳು. ಗ್ರಂಥಗಳಲ್ಲಿ ಆಕೆಗೆ ಆಗ್ನೆಸ್ ಎಂಬ ಕಲ್ಪಿತನಾಮವನ್ನು ಕೊಟ್ಟಿರುವರು. ತಾನು ಗಂಡಾಗಿ ಬೆಳೆದಿದ್ದರೂ ಹರೆಯದಲ್ಲಿ ದೇಹವು ತಾನಾಗಿಯೇ ಹೆಣ್ಣಾಗಿ ತಿರುಗಿತೆಂದು ಆಕೆ ಹೇಳಿದಳು. ಹೀಗೆ ತಾನಾಗಿ ಆದುದಾದರೆ ಅದು ಪ್ರಕೃತಿಯ ಕಾರ್ಯ, ಶಸ್ತ್ರವೈದ್ಯನು ಪ್ರಕೃತಿಗೆ ಕೈನೀಡುವವನು ಮಾತ್ರ. ವೈದ್ಯರು ನಂಬಿದರು, ೧೯೫೯ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಸಮಾಜಶಾಸ್ತ್ರಜ್ಞನಾದ ಹೆರಾಲ್ಡ್ ಗಾರ್ಫಿಂಕಲ್ಲನು ಆಕೆಯೊಡನೆ ದೀರ್ಘವಾಗಿ ಸಂಭಾಷಿಸಿ, ೧೯೬೭ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಬರೆದನು. ಆ ಗ್ರಂಥವು ಅಚ್ಚಾಗುವ ಹೊತ್ತಿಗೆ ಹೊಸ ಸಂಗತಿಯು ಬಯಲಾಗಿತ್ತು: ತಾಯಿಗಾಗಿ ವೈದ್ಯರು ಬರೆದುಕೊಟ್ಟಿದ್ದ ಸ್ತ್ರೀಹಾರ್ಮೋನಿನ ಗುಳಿಗೆಗಳನ್ನು ಆಕೆಯು ಹನ್ನೆರಡನೆಯ ವಯಸ್ಸಿನಿಂದಲೇ ಗುಟ್ಟಾಗಿ ನುಂಗುತ್ತಿದ್ದಳು. ಗಾರ್ಫಿಂಕಲ್ಲನು ಇದನ್ನು ಅನುಬಂಧದಲ್ಲಿ ಸೇರಿಸಿ ಪ್ರಾಮಾಣಿಕನಾದನು.

ಈ ಕಥೆಯನ್ನು ಹುಡುಗಿಯ ವಂಚನೆಯೆಂದು ಓದುವವರಿರುವರು. ವೈದ್ಯರ ಮೌಢ್ಯವೆಂದು ನಗುವವರೂ ಇರುವರು. ಎರಡೂ ಅರ್ಧದೃಷ್ಟಿ. ತಾನು ಬಯಸಿ ಮಾಡಿಕೊಂಡೆನೆಂದು ಹೇಳಿದ್ದರೆ ಬಾಗಿಲು ಮುಚ್ಚುತ್ತಿತ್ತು. ತನಗೆ ತಾನೇ ಆಯಿತೆಂದು ಹೇಳಿದುದರಿಂದ ತೆರೆಯಿತು. ಅಂದರೆ, ತನ್ನ ಕರ್ತೃತ್ವವನ್ನು ಅಲ್ಲಗಳೆದವರಿಗೇ ಆ ಬಾಗಿಲಿನಲ್ಲಿ ಪ್ರವೇಶ. ಪಾಣಿನಿಯು ಸ್ವಾತಂತ್ರ್ಯವನ್ನೇ ಕರ್ತೃವಿಗೆ ಲಕ್ಷಣವಾಗಿ ಹೇಳಿರುವನು. ಸ್ವಾತಂತ್ರ್ಯವನ್ನು ಒಪ್ಪಿಕೊಳ್ಳುವುದೇ ಅಪರಾಧವಾಗುವಲ್ಲಿ, ಹೊಣೆಯನ್ನು ಹೊರುವ ಕರ್ತೃವು ಎಲ್ಲಿಂದ ಬರಬೇಕು?

೧೯೬೬ರಲ್ಲಿ ಹ್ಯಾರಿ ಬೆಂಜಮಿನ್ ಎಂಬ ವೈದ್ಯನು ಈ ವಿಷಯದ ಮೊದಲನೆಯ ದೊಡ್ಡ ಗ್ರಂಥವನ್ನು ಬರೆದನು. ಅವನ ಹೆಸರನ್ನು ಹೊತ್ತ ವೈದ್ಯಸಂಘವು ೧೯೭೯ರಲ್ಲಿ ಚಿಕಿತ್ಸೆಯ ನಿಯಮಾವಳಿಯನ್ನು ಮೊದಲ ಬಾರಿಗೆ ಪ್ರಕಟಿಸಿತು. ಮನೋವೈದ್ಯರ ಒಪ್ಪಿಗೆಯ ಪತ್ರಗಳೂ, ಬಯಸಿದ ಲಿಂಗದ ರೂಪದಲ್ಲಿ ಇಂತಿಷ್ಟು ಕಾಲ ಬಾಳಿ ತೋರಿಸಬೇಕೆಂಬ ಪರೀಕ್ಷೆಯೂ ಹೀಗೆ ಶಾಸ್ತ್ರರೂಪವನ್ನು ಪಡೆದುವು. ಸ್ಯಾಂಡಿ ಸ್ಟೋನ್ ಎಂಬ ವಿದುಷಿಯು ೧೯೯೧ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಒಂದು ವಿನೋದವಾದ, ಆದರೆ ಗಂಭೀರವಾದ ಸಂಗತಿಯನ್ನು ಎತ್ತಿ ತೋರಿಸಿದಳು. ವೈದ್ಯರು ಬಂದವರ ವೃತ್ತಾಂತಗಳು ಬೆಂಜಮಿನ್ನನ ಗ್ರಂಥದ ಲಕ್ಷಣಗಳಿಗೆ ಚೆನ್ನಾಗಿ ಹೊಂದುವುವೆಂದು ಸಂತೋಷಪಟ್ಟರಂತೆ. ಬಂದವರೆಲ್ಲರೂ ಆ ಗ್ರಂಥವನ್ನೇ ಓದಿಕೊಂಡು ಬಂದಿದ್ದರೆಂಬುದು ಅವರಿಗೆ ತಿಳಿಯಲು ತಡವಾಯಿತು. ಲಕ್ಷಣಗ್ರಂಥವನ್ನು ನೋಡಿ ಲಕ್ಷ್ಯವನ್ನು ರಚಿಸಿದಂತಾಯಿತು. ದಂಡಿಯನ್ನು ಮುಂದಿಟ್ಟುಕೊಂಡು ಋತುವರ್ಣನೆ, ಚಂದ್ರೋದಯಗಳನ್ನು ಎಣಿಸಿ ಸೇರಿಸಿದ ಮಹಾಕಾವ್ಯಗಳನ್ನು ಓದಿದ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಪಿಯಾನೋದ ಅಡಿಯ ಶಿಶುವು ಆ ದಿಕ್ಕಿನಲ್ಲಿಯೇ ಏಕೆ ತಿದ್ದಲ್ಪಟ್ಟಿತೆಂಬುದಕ್ಕೂ ಇಲ್ಲಿ ಸಮಾಧಾನ ದೊರೆಯುವುದು.

ಇದ್ದುದನ್ನು ಇದ್ದ ಹಾಗೆ ಹೇಳಿದವರ ಗತಿ ಏನಾಯಿತು? ಲೂ ಸಲಿವನ್ ಎಂಬವರು ೧೯೫೧ರಲ್ಲಿ ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳಬಯಸಿದವರು, ಗಂಡಸರಲ್ಲಿಯೇ ಅನುರಾಗವುಳ್ಳವರು. ಗಂಡಾಗಬಯಸುವವನು ಹೆಣ್ಣನ್ನೇ ಬಯಸಬೇಕೆಂಬುದು ಅಂದಿನ ವೈದ್ಯರ ಲಕ್ಷಣ. ಇವರು ನಿಜವನ್ನು ಹೇಳಿಕೊಂಡುದರಿಂದ ಸ್ಟ್ಯಾನ್‌ಫರ್ಡಿನ ಚಿಕಿತ್ಸಾಕೇಂದ್ರವು ತಿರಸ್ಕರಿಸಿತು. ಬಹಳ ವರ್ಷ ಹೋರಾಡಿ, ಬೇರೆ ಕಡೆಯಿಂದ ಚಿಕಿತ್ಸೆ ಪಡೆದು, ೧೯೯೧ರಲ್ಲಿ ತೀರಿಕೊಂಡರು. ಬಾಲ್ಯದಿಂದಲೂ ಅವರು ಬರೆದಿಟ್ಟ ದಿನಚರಿಯ ಆಯ್ದ ಭಾಗಗಳು ೨೦೧೯ರಲ್ಲಿ ಅಚ್ಚಾಗಿವೆ. ದಿನಚರಿಗೆ ದ್ವಾರಪಾಲಕನಿಲ್ಲ. ಆದುದರಿಂದ ಅಲ್ಲಿ ಸಂದೇಹವೂ ಇದೆ, ಆಸೆಯೂ ಇದೆ, ಒಂದು ದಿನದ ನಿಶ್ಚಯವು ಮತ್ತೊಂದು ದಿನ ಸಡಿಲವಾಗುವುದೂ ಇದೆ. ಪ್ರಮಾಣದ ದೃಷ್ಟಿಯಿಂದ ಆಸ್ಪತ್ರೆಯ ಕಡತಕ್ಕಿಂತ ದಿನಚರಿಯು ಮೇಲಾದುದೆಂಬುದರಲ್ಲಿ ಸಂಶಯವಿಲ್ಲ.

೪

ಈಗ ಶಾಸ್ತ್ರರೀತಿಯಿಂದ ವಿಚಾರಿಸೋಣ. ವೈದ್ಯನ ಮುಂದೆ ಹೇಳಿದ ಏಕರೂಪವಾದ ಕಥೆಯನ್ನು ಸುಳ್ಳೆನ್ನಬೇಕೇ? ಮೀಮಾಂಸಕರು ವೇದದಲ್ಲಿ ವಿಧಿ, ಅರ್ಥವಾದ ಎಂದು ವಿಭಾಗಿಸಿದರು. ಅರ್ಥವಾದಕ್ಕೆ ಸ್ವಾರ್ಥದಲ್ಲಿ ತಾತ್ಪರ್ಯವಿಲ್ಲ. ವಿಧಿಯನ್ನು ಪ್ರಶಂಸಿಸಿ, ಅದರೊಡನೆ ಏಕವಾಕ್ಯತೆಯನ್ನು ಪಡೆದು ಅದು ಪ್ರಮಾಣವಾಗುವುದು. ಬಾಗಿಲಿನ ಎದುರಿಗೆ ಹೇಳಿದ ಬಾಲ್ಯಕಥೆಯೂ ಇಂಥದೇ. ‘ನನಗೆ ಈ ಚಿಕಿತ್ಸೆಯು ಆಗಲೇಬೇಕು’ ಎಂಬುದೇ ಅಲ್ಲಿ ಪ್ರಧಾನವಾಕ್ಯ. ಮಿಕ್ಕುದೆಲ್ಲ ಅದಕ್ಕೆ ಶೇಷ. ಅದನ್ನು ಚರಿತ್ರೆಯೆಂದು ಹಿಡಿದು ಪರೀಕ್ಷಿಸುವ ವೈದ್ಯನೂ, ಹಾಗೆಯೇ ಹಿಡಿದು ಖಂಡಿಸುವ ವಿಮರ್ಶಕನೂ ಒಂದೇ ತಪ್ಪನ್ನು ಮಾಡುವರು.

ಹಾಗಾದರೆ ಬಾಗಿಲೇ ಬೇಡವೇ ಎಂಬ ಪೂರ್ವಪಕ್ಷವು ಏಳುವುದು. ಕತ್ತರಿಸಿದ ಅಂಗವು ಮರಳಿ ಬಾರದು; ಸಂತಾನಶಕ್ತಿಯು ಹೋದರೆ ಹೋಯಿತು; ಅನಂತರ ಪಶ್ಚಾತ್ತಾಪಪಟ್ಟವರೂ ಇರುವರು. ಅವಸರದಿಂದ ಬಾಗಿಲು ತೆರೆದುದಕ್ಕೂ ದೃಷ್ಟಾಂತವುಂಟು. ಬ್ರಿಟನ್ನಿನ ವೈದ್ಯಪರಿಷತ್ತು ಲಂಡನ್ನಿನ ಒಬ್ಬ ಮನೋವೈದ್ಯನನ್ನು, ಸಾಕಷ್ಟು ವಿಚಾರಿಸದೆ ಹಾರ್ಮೋನುಗಳನ್ನು ಕೊಟ್ಟನೆಂದು, ೨೦೦೭ರಲ್ಲಿ ವೃತ್ತಿದೋಷಿಯೆಂದು ನಿರ್ಣಯಿಸಿತು. ದೂರು ಕೊಟ್ಟವರಲ್ಲಿ ಅವನಿಂದ ಚಿಕಿತ್ಸೆ ಪಡೆದವರೂ ಇದ್ದರು. ಅವನೇ ತಮ್ಮ ಪ್ರಾಣವನ್ನುಳಿಸಿದವನೆಂದು ಅವನ ಪರವಾಗಿ ನಿಂತವರೂ ಅವನಿಂದ ಚಿಕಿತ್ಸೆ ಪಡೆದವರೇ. ಈ ಪೂರ್ವಪಕ್ಷವನ್ನು ಹಗುರವಾಗಿ ತಳ್ಳಿಬಿಡಲಾಗದು.

ಸಿದ್ಧಾಂತಕ್ಕೆ ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದ ಅಧಿಕಾರವಿಚಾರವು ದಾರಿ ತೋರುವುದು. ಕರ್ಮದಲ್ಲಿ ಅಧಿಕಾರಿಯು ಯಾರು? ಫಲವನ್ನು ಬಯಸುವ ಅರ್ಥಿ, ಕರ್ಮವನ್ನು ನಡೆಸಬಲ್ಲ ಸಮರ್ಥ, ಅದರ ಸ್ವರೂಪವನ್ನು ತಿಳಿದ ವಿದ್ವಾಂಸ. ಈ ಮೂರನ್ನು ಚಿಕಿತ್ಸೆಗೆ ಅನ್ವಯಿಸಿ ನೋಡಿದರೆ ವೈದ್ಯನ ಕೆಲಸವು ಎಲ್ಲಿಯವರೆಗೆ ಎಂಬುದು ತಾನಾಗಿ ತೋರುವುದು. ಸಾಮರ್ಥ್ಯವನ್ನು ನೋಡುವುದು ಅವನ ಕೆಲಸ: ದೇಹವು ಇದನ್ನು ತಾಳಬಲ್ಲುದೇ, ನಿರ್ಣಯ ಮಾಡಬಲ್ಲ ಸ್ಥಿತಿಯಲ್ಲಿ ಮನಸ್ಸು ಇದೆಯೇ, ವಯಸ್ಸು ತುಂಬಿದೆಯೇ. ವಿದ್ವತ್ತೆಯನ್ನು ಉಂಟುಮಾಡುವುದೂ ಅವನ ಕೆಲಸ: ಯಾವುದು ಮರಳಿ ಬರುವುದು, ಯಾವುದು ಬಾರದು, ಅಪಾಯವೇನು, ಶಸ್ತ್ರದಿಂದ ಆಗಲಾರದ್ದೇನು ಎಂಬುದನ್ನು ಮುಚ್ಚಿಡದೆ ತಿಳಿಸುವುದು. ಆದರೆ ಅರ್ಥಿತ್ವವು ಸ್ವಸಂವೇದ್ಯ. ಅದು ಇನ್ನೊಬ್ಬರ ಬಲವಂತದಿಂದ ಬಂದುದಲ್ಲವೆಂದು ನೋಡಿಕೊಳ್ಳುವಷ್ಟೇ ಹೊರಗಿನವನಿಗೆ ಸಾಧ್ಯ. ಬಾಲ್ಯದಲ್ಲಿ ಬೊಂಬೆಯಾಟ ಆಡಿದೆಯಾ, ಯಾರಲ್ಲಿ ಅನುರಾಗ, ಹೆಂಡತಿಯನ್ನು ಬಿಟ್ಟೆಯಾ ಎಂಬ ಪ್ರಶ್ನೆಗಳಿಂದ ಅರ್ಥಿತ್ವವನ್ನು ಅಳೆಯಹೊರಟಲ್ಲಿಯೇ ಮೇಲೆ ಹೇಳಿದ ಅನರ್ಥಗಳೆಲ್ಲ ಹುಟ್ಟಿದುವು. ಬಾಲರ ವಿಷಯವು ಬೇರೆ. ಅಲ್ಲಿ ಸಾಮರ್ಥ್ಯ ವಿದ್ವತ್ತೆಗಳ ವಿಚಾರವೇ ಭಿನ್ನವಾದುದರಿಂದ ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.

ಇನ್ನು ಹೊಣೆಯ ಮಾತು. ಯಾಗದಲ್ಲಿ ಕೈಯಿಂದ ಕೆಲಸ ಮಾಡುವವರು ಋತ್ವಿಜರು. ಸಂಕಲ್ಪ ಮಾಡುವವನು ಯಜಮಾನ. ಫಲವು ಯಜಮಾನನಿಗೆ ಸೇರಿದುದೆಂದು ಶಾಸ್ತ್ರನಿರ್ಣಯ. ಪ್ರಯೋಗದಲ್ಲಿ ಲೋಪವಾದರೆ ಅದಕ್ಕೆ ಪ್ರಾಯಶ್ಚಿತ್ತವುಂಟು. ಆದರೆ ಯಜಮಾನನ ಪರವಾಗಿ ಸಂಕಲ್ಪವನ್ನೇ ಋತ್ವಿಜನು ಮಾಡುವ ಪದ್ಧತಿಯಿಲ್ಲ. ವೈದ್ಯನು ಋತ್ವಿಜನ ಸ್ಥಾನದಲ್ಲಿರುವನು. ಅವನು ತಿಳಿಸಬೇಕಾದುದನ್ನು ತಿಳಿಸದೆ ಹೋದರೆ, ಕೈ ತಪ್ಪಿದರೆ, ದೋಷವು ಅವನದು. ತಿಳಿದು, ಬಯಸಿ, ಸಂಕಲ್ಪಿಸಿದವರು ಮುಂದೆ ಪಶ್ಚಾತ್ತಾಪಪಟ್ಟರೆ ಆ ದುಃಖಕ್ಕೆ ಮರುಗಬೇಕು, ನೆರವಾಗಬೇಕು. ಆದರೆ ಸಂಕಲ್ಪವು ಅವರದೆಂಬುದನ್ನು ಅವರಿಂದ ಕಿತ್ತುಕೊಳ್ಳಬಾರದು. ವೈದ್ಯನು ಸಂಕಲ್ಪವನ್ನೂ ತಾನೇ ಕೈಗೊಂಡರೆ ಎರಡು ಕಡೆಯೂ ಕೆಡುವುದು: ಅರ್ಥಿಗೆ ಹೊಣೆಯಿಲ್ಲದಂತಾಗುವುದು, ವೈದ್ಯನಿಗೆ ಹೊರಲಾರದ ಹೊಣೆ ಬರುವುದು.

ಚರಕನು ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ರೋಗಿಯನ್ನೂ ಒಂದು ಪಾದವಾಗಿ ಎಣಿಸಿ, ಸ್ಮೃತಿ, ಹೇಳಿದಂತೆ ನಡೆಯುವಿಕೆ, ನಿರ್ಭಯತೆ, ತನ್ನ ಸ್ಥಿತಿಯನ್ನು ತಿಳಿಸಬಲ್ಲ ಶಕ್ತಿ ಎಂಬ ನಾಲ್ಕು ಗುಣಗಳನ್ನು ಅವನಿಗೆ ಹೇಳಿರುವನು. ಕೊನೆಯ ಎರಡು ಗುಣಗಳು ಒಂದನ್ನೊಂದು ಹಿಡಿದಿರುವುದನ್ನು ನೋಡಬೇಕು. ಭಯವುಳ್ಳವನು ತಿಳಿಸಲಾರನು. ಬಾಗಿಲು ಮುಚ್ಚೀತೆಂಬ ಭಯವಿರುವಲ್ಲಿ ಅರ್ಥಿಯು ಮೊದಲು ಮುಚ್ಚಿಡುವುದು ತನ್ನ ಸಂದೇಹವನ್ನೇ. ಪಶ್ಚಾತ್ತಾಪವನ್ನು ತಡೆಯಬೇಕೆಂದು ನಿಲ್ಲಿಸಿದ ಕಾವಲುಗಾರನು, ಪಶ್ಚಾತ್ತಾಪದ ಬೀಜವಾದ ಸಂದೇಹವು ತನ್ನ ಕಿವಿಗೆ ಬೀಳದಂತೆ ತಾನೇ ಮಾಡಿಕೊಳ್ಳುವನು. ಇದೇ ಈ ಪದ್ಧತಿಯ ಮೂಲದೋಷ. ಪಾಶ್ಚಾತ್ಯ ವೈದ್ಯರೂ ಇದನ್ನು ಸ್ವಲ್ಪಸ್ವಲ್ಪವಾಗಿ ಮನಗಂಡಿರುವರು. ೨೦೧೨ರ ಏಳನೆಯ ನಿಯಮಾವಳಿಯು ಜನನಾಂಗದ ಶಸ್ತ್ರಚಿಕಿತ್ಸೆಗೆ ಎರಡು ಪತ್ರಗಳನ್ನು ವಿಧಿಸಿದ್ದರೆ, ೨೦೨೨ರ ಎಂಟನೆಯದು ಒಂದೇ ಸಾಕೆಂದಿತು. ತಿಳಿಸಿ ಸಮ್ಮತಿಯನ್ನು ಪಡೆದು ಹಾರ್ಮೋನನ್ನು ಕೊಡುವ ಕ್ರಮವು ಅಮೆರಿಕದ ಕೆಲವು ಚಿಕಿತ್ಸಾಲಯಗಳಲ್ಲಿ ನೆಲೆಗೊಂಡಿತು.

೫

ನಮ್ಮ ಸಾಹಿತ್ಯದಲ್ಲಿ ಈ ವಿಷಯಕ್ಕೆ ಹತ್ತಿರವಾದ ಕಥೆಯೊಂದುಂಟು. ಉದ್ಯೋಗಪರ್ವದ ಕೊನೆಯ ಅಂಬೋಪಾಖ್ಯಾನ. ದ್ರುಪದನ ಮಗಳು ಗಂಡೆಂದು ಬೆಳೆದು, ದಶಾರ್ಣದ ಅರಸನಾದ ಹಿರಣ್ಯವರ್ಮನ ಮಗಳನ್ನು ಮದುವೆಯಾಗಿ, ಗುಟ್ಟು ಬಯಲಾದಾಗ ಸಾಯಲೆಂದು ಕಾಡಿಗೆ ಹೋಗುವುದೂ, ಸ್ಥೂಣಾಕರ್ಣನೆಂಬ ಯಕ್ಷನು ತನ್ನ ಪುರುಷತ್ವವನ್ನು ಅವಧಿಯ ಮೇಲೆ ಕೊಡುವುದೂ ಎಲ್ಲರಿಗೂ ತಿಳಿದ ಕಥೆ. ಹಿರಣ್ಯವರ್ಮನು ಸ್ತ್ರೀಯರನ್ನು ಕಳುಹಿಸಿ ಪರೀಕ್ಷೆ ಮಾಡಿಸುವನು. ವಿರಾಟನೂ ಬೃಹನ್ನಳೆಯನ್ನು ಹೀಗೆಯೇ ಪರೀಕ್ಷಿಸಿದನು. ದೇಹಪರೀಕ್ಷೆಯ ಈ ಕ್ರಮವನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೪ರ ಏಪ್ರಿಲ್ ೧೫ರ ತೀರ್ಪಿನಲ್ಲಿ ಬದಿಗೊತ್ತಿ, ಲಿಂಗನಿರ್ಣಯಕ್ಕೆ ವ್ಯಕ್ತಿಯ ಅಂತರಂಗವೇ ಪ್ರಮಾಣವೆಂದು ಹೇಳಿತು.

ವಿಮರ್ಶಕನ ಕಣ್ಣಿಗೆ ಎರಡು ಸಂಗತಿಗಳು ಮುಖ್ಯ. ಮೊದಲನೆಯದು, ಈ ಕಥೆಯನ್ನು ಹೇಳುವವನು ಶಿಖಂಡಿಯಲ್ಲ, ಭೀಷ್ಮ. ಮೂಕರಂತೆಯೂ ಕುರುಡರಂತೆಯೂ ನಟಿಸುವ ಗೂಢಚಾರರನ್ನು ದ್ರುಪದನ ಮನೆಯಲ್ಲಿ ಇಟ್ಟು ಅವನು ಇದನ್ನು ತಿಳಿದನು. ಶಿಖಂಡಿಯು ಏನನ್ನು ಬಯಸಿದನೆಂದು ಕೇಳಿದವರೇ ಇಲ್ಲ. ಮಾರಿಸರ ಗ್ರಂಥವು ಎಷ್ಟೇ ದೋಷವುಳ್ಳದ್ದಾಗಲಿ, ಇಲ್ಲಿ ಶಿಖಂಡಿಯೇ ಬಾಯಿಬಿಟ್ಟು ಹೇಳಿದಂತಾಗಿದೆ. ಅದರ ಹೆಚ್ಚುಗಾರಿಕೆಯು ಇದೇ. ಎರಡನೆಯದು, ಶಿಖಂಡಿಯ ನಡತೆ. ಅವಧಿ ಮುಗಿದಾಗ ಅವನು ಪಡೆದುದನ್ನು ಹಿಂದಕ್ಕೆ ಕೊಡಲೆಂದು ತಾನಾಗಿಯೇ ಯಕ್ಷನ ಬಳಿಗೆ ಬರುವನು. ಅಷ್ಟರಲ್ಲಿ ಕುಬೇರನ ಶಾಪದಿಂದ ವಿನಿಮಯವು ಶಿಖಂಡಿಯ ಮರಣದವರೆಗೆ ಸ್ಥಿರವಾಗಿತ್ತು. ಕೊಟ್ಟವನೂ ಕಷ್ಟಕ್ಕೆ ಸಿಕ್ಕಿದನು. ಆದರೂ ಬಂದವನ ಸತ್ಯನಿಷ್ಠೆಯನ್ನು ಕಂಡು ಸಂತೋಷಪಟ್ಟನು. ಬಾಲ್ಯದ ಕಥೆಯನ್ನು ಯಕ್ಷನು ವಿಚಾರಿಸಲಿಲ್ಲ. ಹಿಂತಿರುಗಿ ಬರುವೆಯಾ ಎಂಬ ಮಾತೊಂದನ್ನು ಪಡೆದನು. ಮಾತು ಕೊಟ್ಟವನು ಅದನ್ನು ಉಳಿಸಿಕೊಂಡನು. ಭೀಷ್ಮನಾದರೋ ಕೊನೆಯವರೆಗೂ ಶಿಖಂಡಿಯನ್ನು ಹೆಣ್ಣೆಂದೇ ಎಣಿಸಿ ಬಾಣವನ್ನು ಬಿಡಲಿಲ್ಲ. ಎಂಥ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ತೆರೆಯದ ಬಾಗಿಲುಗಳುಂಟು.

ಕನ್ನಡದಲ್ಲಿಯೂ ಈಗ ಇಂಥ ಆತ್ಮಚರಿತ್ರೆಗಳು ಬಂದಿರುವುದು ಸಂತೋಷದ ಸಂಗತಿ. ತಮಿಳುನಾಡಿನ ಎ. ರೇವತಿಯವರ ಆತ್ಮಕಥೆಯು ೨೦೧೦ರಲ್ಲಿ ಇಂಗ್ಲೀಷಿನಲ್ಲಿ ಪ್ರಕಟವಾಯಿತು, ದು. ಸರಸ್ವತಿಯವರು ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದಿರುವರು. ಅಲ್ಲಿ ಬಾಗಿಲಿನಲ್ಲಿ ನಿಂತವರು ಮನೋವೈದ್ಯರಲ್ಲ. ಹಿಜಡಾ ಮನೆಯ ಗುರು. ಒಪ್ಪಿಗೆಯನ್ನು ಗುರುವಿನಿಂದ ಪಡೆಯಬೇಕು. ಇಂಗ್ಲೆಂಡಿನಲ್ಲಿ ವಿಚಾರಣೆಯು ಹೆಚ್ಚಾಗಿ ತೊಂದರೆಯಾದರೆ ಇಲ್ಲಿ ತಿಳಿಸಿ ಹೇಳುವವರೂ ಆರೈಕೆ ಮಾಡುವವರೂ ಕಡಮೆಯಾಗಿ ತೊಂದರೆಯಾಯಿತು. ಎರಡು ಗ್ರಂಥಗಳನ್ನೂ ತರಗತಿಯಲ್ಲಿ ಒಟ್ಟಿಗೆ ಇಟ್ಟು ಓದಿಸಿದರೆ ಬಾಗಿಲು ಇದ್ದರೆ ಒಂದು ಕಷ್ಟ, ಹೇಳುವವರಿಲ್ಲದಿದ್ದರೆ ಇನ್ನೊಂದು ಕಷ್ಟವೆಂಬುದು ವಿದ್ಯಾರ್ಥಿಗಳಿಗೆ ಮನವರಿಕೆಯಾದೀತು.

ಮಾರಿಸರು ಮುಂದೆಯೂ ಎಲಿಜಬೆತ್ತರೊಡನೆಯೇ ಬಾಳಿದರು. ವಿಚ್ಛೇದವಾಗಿದ್ದ ಆ ಇಬ್ಬರು, ಕಾಯಿದೆಯು ಬದಲಾದ ಮೇಲೆ, ೨೦೦೮ರಲ್ಲಿ ಮತ್ತೆ ನ್ಯಾಯಸಮ್ಮತವಾದ ಸಂಬಂಧವನ್ನು ಮಾಡಿಕೊಂಡರು. ೨೦೨೦ರಲ್ಲಿ ಮಾರಿಸರು ತೀರಿಕೊಂಡರು. ಆಸ್ಪತ್ರೆಯು ಬಾಗಿಲಲ್ಲಿ ನಿಲ್ಲಿಸಿ ಕೇಳಿದ ಆ ಒಂದು ನಿಬಂಧನೆಗೆ ಬಾಳೇ ಉತ್ತರ ಕೊಟ್ಟಿತೆಂದು ಹೇಳಬಹುದು.

ನನ್ನ ಶಿಷ್ಯರ ಪ್ರಶ್ನೆಗೆ ಆ ದಿನ ಬಹಳ ಹೊತ್ತು ಸುಮ್ಮನಿದ್ದು, ಇದ್ದುದನ್ನೇ ಹೇಳಬೇಕೆಂದು ಕೇಳಿಕೊಂಡೆನು. ಚಿಕ್ಕಂದಿನಲ್ಲಿ ತಮಗೆ ಏನೂ ತಿಳಿದಿರಲಿಲ್ಲವೆಂದೂ, ಇಪ್ಪತ್ತು ದಾಟಿದ ಮೇಲೆ ಮೆಲ್ಲಮೆಲ್ಲನೆ ತಿಳಿಯಿತೆಂದೂ, ಈಗಲೂ ಕೆಲವು ರಾತ್ರಿ ಭಯವಾಗುವುದೆಂದೂ, ಆದರೂ ಹಿಂದಿರುಗುವ ಮನಸ್ಸಿಲ್ಲವೆಂದೂ ಹೇಳಿದರು. ಆ ಭಯವನ್ನು ಡಾಕ್ಟರಿಗೆ ಹೇಳಿರುವಿರಾ ಎಂದು ಕೇಳಿದೆನು. “ಹೇಳಿದರೆ ನಿಲ್ಲಿಸಿಬಿಡುತ್ತಾರೆ, ಗುರುಗಳೇ” ಎಂದರು. ಅಪಾಯವನ್ನು ತಿಳಿಸಬಲ್ಲವನ ಮುಂದೆ ಮುಚ್ಚಿಟ್ಟು, ಏನೂ ತಿಳಿಯದ ನನ್ನ ಮುಂದೆ ತೆರೆದು ಹೇಳಬೇಕಾದ ಸ್ಥಿತಿ ಅವರದಾಗಿತ್ತು. ಅವರ ತಂದೆಯವರಲ್ಲಿಗೆ ಹೋಗಿ ನನಗೆ ತೋರಿದುದನ್ನು ಹೇಳಿಬಂದೆನು. ಮುಂದಿನದು ಆ ಮನೆಯವರಿಗೆ ಸೇರಿದುದು. ನಾನು ಕಲಿತುದನ್ನು ಮಾತ್ರ ಸಾಹಿತ್ಯವನ್ನು ಬೋಧಿಸುವ ಮಹನೀಯರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಇಂಥ ಆತ್ಮಚರಿತ್ರೆಗಳನ್ನು ಓದಿಸುವಾಗ ಇದು ನಿಜವೇ ಎಂದು ಕೇಳುವುದಕ್ಕೆ ಮೊದಲು, ನಿಜವನ್ನು ಹೇಳುವುದಕ್ಕೆ ಇವರಿಗೆ ಅವಕಾಶವಿತ್ತೇ ಎಂದು ಕೇಳಬೇಕು. ಅವಕಾಶವಿದ್ದು ಹೇಳದಿದ್ದರೆ ಹೊಣೆಯು ಬರೆದವರದು. ಇಲ್ಲದಿದ್ದರೆ ಅದರಲ್ಲಿ ನಮ್ಮೆಲ್ಲರದೂ ಪಾಲಿದೆ.